ಇನ್ನೂರರ ಬಾಡಿಗೆ

ಕೋರ್ಡೆಲ್, ಆ ಬಣ್ಣದ ಕಾಗದ ಕೆಳಗಿಡು.
ಮೊದಲು ಬೀನ್ಸ್ ತಿನ್ನು, ಆರಿದರೆ ಅಂಟು.
ಟೊಲೀಡೊ ಊರೇ ಹಿಮದಡಿ ಮಲಗಿದೆ,
ಬ್ಯಾಂಕು ಎಲ್ಲಿಗೂ ಓಡಿಹೋಗುವುದಿಲ್ಲ.

ನೀನು ಓದಿದ್ದು ಮುಂದಿನ ಪುಟ.
ಹಳೆಯದ ಮರೆತು ಹೊಸದಾಗಿ ಶುರು ಮಾಡಿ ಅಂತ
ನಗುತ್ತಾಳಲ್ಲ ಹುಡುಗಿ, ಅವಳು ಅಲ್ಲೇ ನಗುತ್ತಿರಲಿ.
ನಾನು ಓದುವುದು ಹಿಂಬದಿ.
ಇರುವೆ ಸಾಲಿನಂಥ ಅಕ್ಷರ.
ಸಾಲಕ್ಕೆ ಕೊಂಬು ಮೂಡಿದರೆ ಸಾಲು,
ಆ ಸಾಲು ಹೊರಟಿದ್ದೆಲ್ಲಿಗೆ ಹೇಳು?
ಸಕ್ಕರೆ ಡಬ್ಬಿಗೆ.

ಇನ್ನೂರು ಡಾಲರ್ ಒತ್ತೆ ಇಟ್ಟೆ ಆಗ.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಯಿಡೀ ನಿಂತು
ಯಾರದೋ ರಕ್ತದ ಹೊದಿಕೆ ಒಗೆದು ಉಳಿಸಿದ್ದು.
ಅದೇ ಇನ್ನೂರನ್ನು ನನಗೆ ಸಾಲ ಕೊಟ್ಟರು.
ನಗಬೇಡ. ವ್ಯವಹಾರವೇ ಇದು:
ನನ್ನ ಬೂಟು ಇಸಿದುಕೊಂಡು
ಹಿಮ ಬಿದ್ದ ದಿನ ನನಗೇ ಬಾಡಿಗೆಗೆ ಕೊಟ್ಟ ಹಾಗೆ.

ಕಾರ್ಡು ಬಂತು.
ಲಕೋಟೆಯ ಅಂಟು ಇನ್ನೂ ಬೆರಳಲ್ಲಿತ್ತು,
ಒಂದು ಬ್ರೆಡ್ಡೂ ಕೊಂಡಿರಲಿಲ್ಲ,
ಆಗಲೇ ನಲವತ್ತೊಂಬತ್ತು ಬಾಕಿ. ವಾರ್ಷಿಕ ಶುಲ್ಕವಂತೆ.
ಕೂಸು ಹುಟ್ಟುವ ಮುಂಚೆಯೇ
ಕುಲಾವಿಯ ದುಡ್ಡು ಕೇಳಿದರು.
ಇನ್ನೂರರಲ್ಲಿ ನನಗೆ ದಕ್ಕಿದ್ದು ನೂರ ಐವತ್ತೊಂದು.

ಪೂರಾ ಕಟ್ಟಿದ ತಿಂಗಳು ಬಡ್ಡಿ ಮಲಗಿರುತ್ತದೆ.
ನಾನು ಕನಿಷ್ಠ ಮಾತ್ರ ಕಟ್ಟಿದೆ, ಅದು ಎದ್ದು ಕೂತಿತು.
ಒಮ್ಮೆ ಚೆಕ್ಕು ಅಂಚೆಯಲ್ಲಿ ಎರಡು ದಿನ ನಡುಗಿ ತಡವಾಯಿತು,
ಇಪ್ಪತ್ತೈದು ದಂಡ.
ಇನ್ನೊಮ್ಮೆ ಇಪ್ಪತ್ತೈದು, ಅದು ನನ್ನದೇ ತಪ್ಪು.
ಡಬಲ್ ಶಿಫ್ಟ್ ಮುಗಿಸಿ ಬಂದವಳು ತಾರೀಕಿನ ಮೇಲೇ ಮಲಗಿಬಿಟ್ಟೆ.

ಆಮೇಲೆ ಮಿಷನ್ನಿನಿಂದ ತೆಗೆದ ನಲವತ್ತು.
ಅದಕ್ಕೆ ಹತ್ತು ಶುಲ್ಕ, ಬಡ್ಡಿ ಆ ಕ್ಷಣದಿಂದಲೇ,
ಒಂದು ದಿನದ ಕರುಣೆಯೂ ಇಲ್ಲ.
ಯಾಕೆ ತೆಗೆದೆ ಅಂತ ಕೇಳು.
ಬೇಡ, ಕೇಳಬೇಡ.
ಹೂವಿನಂಗಡಿಯವನು ಕಾರ್ಡು ಮುಟ್ಟುತ್ತಿರಲಿಲ್ಲ,
ನಿನ್ನಮ್ಮನಿಗೆ ಬಿಳಿ ಕಾರ್ನೇಷನ್ ಇಷ್ಟ.
ನೀನು ಆಗ ಒಳಗಿದ್ದೆ. ನಿನ್ನನ್ನು ಬಿಡಲಿಲ್ಲ ಅವರು.

ತಿನ್ನು.

ಎರಡನೇ ವರ್ಷ ಮತ್ತೆ ನಲವತ್ತೊಂಬತ್ತು,
ಜೊತೆಗೆ ತಿಂಗಳಿಗೆ ಆರು, ನಿರ್ವಹಣೆಗೆ.
ಏನನ್ನು ನಿರ್ವಹಿಸಿದರೋ ದೇವರೇ ಬಲ್ಲ.
ಚರ್ಚಿನ ಬೀಸಣಿಗೆಯ ಹಿಂದೆ ಪೆನ್ಸಿಲಲ್ಲಿ ಕೂಡಿದೆ, ನೋಡು:
ಬಡ್ಡಿ ಮೂವತ್ತೊಂದು ಸೇರಿ ಇನ್ನೂರ ಅರವತ್ತೊಂದು.
ನನ್ನ ಇನ್ನೂರಕ್ಕೆ ಎರಡು ವರ್ಷದ ಬಾಡಿಗೆ.
ಮೂರು ಸಲ ಕೂಡಿದೆ, ತಪ್ಪಿರಲಿ ಅಂತ.

ಹಾಗಂತ ಮೋಸ ಅನ್ನಲಾರೆ.
ಎಲ್ಲ ಬರೆದೇ ಇತ್ತು, ಇರುವೆ ಗಾತ್ರದಲ್ಲಿ.
ಐನೂರ ಹನ್ನೆರಡು ಇದ್ದ ನನ್ನ ಅಂಕಿ
ಆರುನೂರ ನಲವತ್ತಕ್ಕೆ ಹತ್ತಿತು,
ಈ ಮನೆಯ ಬೀಗದ ಕೈ ಸಿಕ್ಕಿದ್ದು ಅದರಿಂದಲೇ.
ನೀನು ಕಾಲು ಕಾಯಿಸುತ್ತಿರುವ ಹೀಟರು ಆ ಅಂಕಿಯದು.
ಮನುಷ್ಯರ ಮಾತನ್ನು ಮನುಷ್ಯರು ನಂಬದ ಊರಲ್ಲಿ
ಮೂರಂಕಿ ನಮ್ಮ ಪರವಾಗಿ ಮಾತಾಡುತ್ತದೆ.

ಆ ಕಾಗದ ಒಲೆಗೆ ಹಾಕು.
ಡಾರ್ ಬೀದಿಯ ಸಹಕಾರಿಯಲ್ಲಿ ಹಲಾಸ್ ಅಂತೊಬ್ಬಾಕೆ ಇದ್ದಾಳೆ,
ಅವರ ಕಾರ್ಡಿಗೆ ವರ್ಷದ ಶುಲ್ಕವಿಲ್ಲ.
ಒತ್ತೆ ಯಾವಾಗ ವಾಪಸು ಬರುತ್ತೆ, ಕೇಳು.
ಮೂರೂ ಕಡೆ ನನ್ನ ಹೆಸರು ವರದಿ ಮಾಡುತ್ತೀರಾ, ಕೇಳು.
ಹುಬ್ಬು ಗಂಟಿಕ್ಕುತ್ತಾಳೆ, ಆದರೂ ಕೇಳು.
ತಿಂಗಳಿಗೊಮ್ಮೆ ಪೆಟ್ರೋಲು, ಅಷ್ಟೇ.
ಬಿಲ್ಲು ಬಂದ ದಿನವೇ ಪೂರಾ ಕಟ್ಟು.

ತಗೋ. ಇಪ್ಪತ್ತರ ಹತ್ತು ನೋಟು.
ಅದೇ ಒತ್ತೆಯ ಹಣ, ಹೋದ ವಾರ ಬಂತು.
ನನಗೆ ಬಡ್ಡಿ ಬೇಡ, ನಿರ್ವಹಣೆಯೂ ಬೇಡ.
ತಡ ಮಾಡಿದೆಯೋ, ದಂಡ ಇದೆ:
ಬೆಳಿಗ್ಗೆ ಐದಕ್ಕೆ ಬಂದು
ನನ್ನ ಬಾಗಿಲ ಹಿಮ ಎತ್ತಬೇಕು.

ಅದನ್ನೂ ಬರೆದುಕೋ.
ದೊಡ್ಡ ಅಕ್ಷರದಲ್ಲಿ.