ಟ್ರೈ

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಾಗ
ನಾ ತೂಕದ ಗುಮಾಸ್ತ.
ಕೂಲಿ ಹತ್ತು ರೂಪಾಯಿ ಏರಿಸ್ರೀ ಅಂತ
ಹುಸೇನಬಿ ಕೇಳಿದಾಗೊಮ್ಮೆ
ಬಾಯಾಗ ರೆಡಿ ಇರತಿತ್ತು:
‘ಟ್ರೈ ಮಾಡ್ತೀನಬೇ.’

ಗೊಬ್ಬರದಂಗಡಿ, ತಹಶೀಲ್ದಾರ ಕಚೇರಿ, ಬೀಗರ ಮನಿ,
ಎಲ್ಲಾ ಕಡೆ ನಡೀತದ ಈ ಚಿಲ್ಲರ.
ಇಲ್ಲ ಅನ್ನಾಕ ನಾಚಿಕಿ ಬಂದ್ರ
ಟ್ರೈ ಅಂತೀವಿ, ಎದ್ದು ಹೋಗ್ತೀವಿ.

ಒಂದಿನ ಕೈ ನಿಲ್ಲಿಸದ ಕೇಳಿದ್ಲು:
‘ಗುಮಾಸ್ತರ, ಹಂಗಂದ್ರೇನು?
ಮೂರು ವರ್ಷಾತು, ಇನ್ನೂ ಮುಗೀಲಿಲ್ಲ?’

ರಾತ್ರಿ ಮಗಳ ಡಿಕ್ಷನರಿ ತಗದೆ.
ತುದಿ ಹರಿದ ಹಾಳ್ಯಾಗ, ಇರುವಿಯಷ್ಟು ಅಕ್ಷರದಾಗ:
ಹಳೇ ಫ್ರೆಂಚರ ಮಾತಂತ,
ಆರಿಸು, ಬ್ಯಾರೆ ಮಾಡು, ಜರಡಿ ಹಿಡಿ.
ಅದಕ್ಕೂ ಹಿಂದಿನದು ಯಾರಿಗೂ ಪಕ್ಕಾ ಗೊತ್ತಿಲ್ಲಂತ.
ಕೋರ್ಟಿನ ಟ್ರಯಲ್ಲು ಇದರ ಮಗಳು,
ಸುಳ್ಳು ಕೇರಿ ಖರೇ ಉಳಿಸೂದು. ಉಳಿದ್ರ.
ಪ್ರಯತ್ನ ಅನ್ನೂ ಅರ್ಥ
ಆಮ್ಯಾಲೆ ಬಂದು ಕುಂತದ್ದು.

ಮರುದಿನ ಹೇಳಿದೆ.
ಹುಸೇನಬಿ ಕಡ್ಡಿ ಒಂದು ಕಡೆ, ಕರೀದೊಂದು ಕಡೆ,
ಹಸರು ಉದ್ದನ್ನ ಮಣಿ ತನ್ನ ಕಡೆ ಸರಿಸಿಗೋತ
‘ಹಂಗಾರ ಮುಂಜಾನಿಂದ ಟ್ರೈ ಮಾಡಾಕಿ ನಾನು,
ನೀವು ಬರೇ ಅಂತೀರಿ’ ಅಂದ್ಲು.
ಸಾಲಿಗೆ ಸಾಲೇ ನಕ್ಕಿತು,
ಫ್ಯಾನಿನ ಸಪ್ಪಳದಾಗೂ ಕೇಳಿಸ್ತು.

ಆವತ್ತು ಶೇಠರ ಮುಂದ ನಿಂತೆ.
ಏನೇನೋ ಹೇಳಬೇಕಂದದ್ದು ಗಂಟಲಾಗ;
ಅದರಾಗಿಂದ ಕಡ್ಡಿ ತಗದು, ಹೊಟ್ಟು ತೂರಿ
ಉಳಿದದ್ದು ಇಷ್ಟ: ಹತ್ತು ರೂಪಾಯಿ.

ಶೇಠರು ಫೋನಿನಿಂದ ತಲಿ ಎತ್ತದ
‘ನೋಡೂಣು, ಟ್ರೈ ಮಾಡ್ತೀನಿ’ ಅಂದ್ರು.