ಬಾಕಿ

ಟೆಶಿಯ ಕಡಲದಂಡೆಯಲ್ಲಿ ನನ್ನದು ಶವಪೆಟ್ಟಿಗೆಯ ಅಂಗಡಿ.
ಬೆಸ್ತನಿಗೆ ಮೀನು, ಚಾಲಕನಿಗೆ ಲಾರಿ,
ಕುಡುಕನಿಗೆ ಬಿಯರ್ ಬಾಟಲಿ:
ಬದುಕಿದ ಹಾಗೆ ಪೆಟ್ಟಿಗೆ.

ಎಪ್ಪತ್ತೆಂಟರ ಅಯೆಲೆ ಬಂದಳು, ಮುಂಗಡ ಎಣಿಸಿಟ್ಟಳು.
"ಐವತ್ತು ವರ್ಷ ಮೆಣಸು ಮಾರಿದವಳು.
ಕೆಂಪು ಮೆಣಸಿನಕಾಯಿ ಮಾಡು, ಬೋರ್ಕೆಟೆ.
ತೊಟ್ಟು ಮರೆತೀಯ."

ಅಳತೆಗೆಂದು ಒಳಗೆ ಮಲಗಿದವಳು
ಗೊರಕೆ ಹೊಡೆದಳು.
ಎಬ್ಬಿಸಲು ಬಾಗಿದೆ. ಅವಳ ಬಟ್ಟೆಯ ಘಾಟಿಗೆ
ಹೆಂಡತಿ ಸತ್ತಾಗಲೂ ಬಾರದ ಕಣ್ಣೀರು
ದಳದಳ.

ಮರುವಾರ ತೊಟ್ಟು ಡೊಂಕು ಅಂದೆ. ಬಂದಳು.
ಆಮೇಲೆ ಬಣ್ಣ ಒಣಗಿಲ್ಲ ಅಂದೆ.
ಬಂದಳು, ಬಿಸಿ ಕೆಂಕೆ, ಹುರಿದ ಮೀನು ಹಿಡಿದು.
ಮೂರನೆಯ ನೆಪಕ್ಕೆ ನಾನು ತಡಕಾಡುತ್ತಿರಲು
ಅವಳೇ ಅಂದಳು:
"ದಪ್ಪಗಾಗಿದ್ದೇನೆ, ಮತ್ತೆ ಅಳೆ."

ಮಗ ಬಂದು ಕೂಗಾಡಿದ, ಬೀದಿಗೆಲ್ಲ ಕೇಳುವಂತೆ:
"ಊರು ಹೋಗು, ಕಾಡು ಬಾ ಅನ್ನುವ ವಯಸ್ಸಲ್ಲಿ
ಇವನ ಜೊತೆ, ಮೂವತ್ತು ವರ್ಷ ಚಿಕ್ಕವನ ಜೊತೆ!"
ಅಯೆಲೆ ಮೀನಿನ ಮುಳ್ಳು ತೆಗೆಯುತ್ತಾ,
"ಕಾಡೆಲ್ಲಿದೆಯೋ ಇಲ್ಲಿ? ಇರುವುದು ಕಡಲು.
ಅದು ನಾನು ಹುಟ್ಟಿದ ದಿನದಿಂದ
ಬಾ ಅನ್ನುತ್ತಲೇ ಇದೆ.
ಕೂತ್ಕೋ, ಉಣ್ಣು."

ಮೆಣಸಿನಕಾಯಿ ಅಂಗಡಿಯ ಮೂಲೆಯಲ್ಲಿದೆ,
ತೊಟ್ಟು ನೆಟ್ಟಗೆ, ಬಣ್ಣ ಒಣಗಿ ಬಿರುಕು.
ಒಳಗೆ ಕೋಳಿ ಕಾವು ಕೂತಿದೆ, ಒಂಬತ್ತು ಮೊಟ್ಟೆ.
ಬಾಕಿ ಹಣ ನಾನು ಕೇಳಿಲ್ಲ.
ಕೊಡುವ ಆತುರ
ಅವಳಿಗೂ ಇದ್ದಂತಿಲ್ಲ.