ಹನ್ನೊಂದು ಸೆಕೆಂಡು

ಐವತ್ತಮೂರರ ಒಂದು ಶನಿವಾರ,
ಲಾಸ್ ಏಂಜಲೀಸಿನ ವಾಟ್ಸ್ ಕೇರಿಯ ಟಾಕೀಸಿನಲ್ಲಿ
ಅಮ್ಮ ಪರದೆಗೆ ಬಂದಳು:
ಮೊದಲು ಆ್ಯಪಲ್ ಪೈ, ಹಿಂದೆಯೇ ಎರಡು ಕೈ.
ಮುಖ ಬರುವಷ್ಟರಲ್ಲಿ
ಮೇಜಿನ ಸುತ್ತ ಬಿಳಿ ಮಕ್ಕಳು ನಕ್ಕರು,
ಕ್ಯಾಮೆರಾ ಅತ್ತ ಹೊರಳಿತು.

ಎಣಿಸಿದ್ದೆ. ಹನ್ನೊಂದು.
ತಮ್ಮ ಓಡೆಲ್ ಕುರ್ಚಿ ಹತ್ತಿ ಕೂಗಿದ,
"ಅದು ನಮ್ಮಮ್ಮನ ಉಂಗುರ!"
ಯಾರೋ ಶ್ ಅಂದರು.

ಕೊನೆಗೆ ಹೆಸರುಗಳು ಮೇಲೇರಿದವು.
ನಾಯಿಯದೂ ಇತ್ತು.

ರಾತ್ರಿ ಕೇಳಿದೆ: ಪೈ ರುಚಿಯಿತ್ತಾ?
ಅಮ್ಮ ಜೋಳದ ಬ್ರೆಡ್ಡು ಮುರಿಯುತ್ತ,
"ಪ್ಲಾಸ್ಟರಿನದು ಕಣೇ, ಬಣ್ಣ ಬಳಿದದ್ದು.
ಹಬೆಗೆ ಒಬ್ಬ ಮೇಜಿನಡಿ ಕೂತು
ಸಿಗರೇಟು ಊದುತ್ತಿದ್ದ."

ಓಡೆಲ್ ನಕ್ಕ, ನಾನೂ.
ಅಮ್ಮ ನಲ್ಲಿ ತಿರುಗಿಸಿದಳು.
"ಬಿಸಿಯಿದ್ದಂತೆ ಹಿಡಿ ಅಂದರು,
ಹಿಡಿದೆ. ಎಷ್ಟು ಚೆನ್ನಾಗಿ ಹಿಡಿದೆನೋ,
ಅಂಗೈ ಇನ್ನೂ ಉರಿಯುತ್ತೆ."